ಬಿಗಿ ಕವರೇಜ್ ಎದುರು ಎಳೆಯ ಕ್ವಾರ್ಟರ್‌ಬ್ಯಾಕ್ ತಡವರಿಸುವುದೇಕೆ

2019ರ ಅಕ್ಟೋಬರ್ 21, ಸೋಮವಾರ ರಾತ್ರಿ. ನಮ್ಮಲ್ಲಿ ಆಗಲೇ ಮಂಗಳವಾರದ ಬೆಳಗು. ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯದಲ್ಲಿ, ನ್ಯೂಯಾರ್ಕ್ ಜೆಟ್ಸ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು 33–0ರಿಂದ ಸೋತಿತು. ಜೆಟ್ಸ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಸ್ಯಾಮ್ ಡಾರ್ನಾಲ್ಡ್ ಅವರಿಗೆ ಆಗ 22 ವರ್ಷ. ಎಸೆದದ್ದು 32 ಪಾಸ್. ತಮ್ಮವರ ಕೈ ಸೇರಿದ್ದು 11, ಎದುರಾಳಿಗಳ ಕೈಗೆ ಹೋದದ್ದು 4, ಗಳಿಸಿದ್ದು ಬರೀ 86 ಗಜ. ನಡುವೆ ಬೆಂಚಿನಲ್ಲಿ ಕೂತು ‘ನನಗೆ ದೆವ್ವಗಳು ಕಾಣಿಸ್ತಿವೆ’ ಎಂದದ್ದು ಮೈಗೆ ಸಿಕ್ಕಿಸಿದ್ದ ಮೈಕಿನಲ್ಲಿ ದಾಖಲಾಗಿ ಟಿವಿಯಲ್ಲಿ ದೇಶವೆಲ್ಲ ಕೇಳಿತು.

ಆ ರಾತ್ರಿ ಅವರ ಪಾಸರ್ ರೇಟಿಂಗ್, ಅಂದರೆ ಎಸೆತಗಳ ಗುಣಮಟ್ಟಕ್ಕೆ ಸೂತ್ರ ಹಾಕಿ ಕೊಡುವ ಅಂಕ, 3.6. ಈ ಸೂತ್ರದಲ್ಲಿ ಒಂದು ತಮಾಷೆಯಿದೆ. ಸಿಕ್ಕ ಪ್ರತಿಯೊಂದು ಚೆಂಡನ್ನೂ ಯಾರ ಕೈಗೂ ಸಿಗದಂತೆ ನೆಲಕ್ಕೆ ಬಿಸಾಕಿದವನಿಗೂ 39.6 ದಕ್ಕುತ್ತದೆ. ಎಂಟು ದಿನ ಮೊದಲು ಇದೇ ಡಾರ್ನಾಲ್ಡ್ ಡಲ್ಲಾಸ್ ಕೌಬಾಯ್ಸ್ ಎದುರು 338 ಗಜ ಎಸೆದು 24–22ರಿಂದ ಪಂದ್ಯ ಗೆಲ್ಲಿಸಿದ್ದರು. ಎಂಟು ದಿನದಲ್ಲಿ ತೋಳಿನ ಬಲ ಹೋಗುವುದಿಲ್ಲ. ಕೆಟ್ಟದ್ದು ಬೇರೆ ಏನೋ.

ಆಟ ಹೊಸದಾದವರಿಗೆ ಚುಟುಕಾಗಿ: ಮೈದಾನದ ಉದ್ದ 100 ಗಜ, ಎರಡು ತುದಿಯಲ್ಲಿ ತಲಾ 10 ಗಜದ ಎಂಡ್ ಝೋನ್, ಅಗಲ 53 ಗಜ ಒಂದಡಿ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ಚೆಂಡು ಇಟ್ಟ ಜಾಗದಿಂದ ಮೈದಾನಕ್ಕೆ ಅಡ್ಡವಾಗಿ ಹೋಗುವ ಕಾಲ್ಪನಿಕ ಗೆರೆಯೇ ಮುಂದೆ ಬರುವ ‘ಗೆರೆ’. ಸೆಂಟರ್ ಎಂಬ ಆಟಗಾರ ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವ ಕ್ಷಣಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಅವನೂ ಸೇರಿ ಐವರು ಲೈನ್‌ಮನ್‌ಗಳು ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಾಗಿ ನಿಲ್ಲುತ್ತಾರೆ. ಇವರು ಪಾಸ್ ಹಿಡಿಯುವಂತಿಲ್ಲ. ಉಳಿದ ಐವರು ಹಿಡಿಯಬಹುದು: ಹಿಡಿಯಲೆಂದೇ ಓಡುವವರು ರಿಸೀವರ್‌ಗಳು, ಹೆಚ್ಚಾಗಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನು ರನ್ನಿಂಗ್ ಬ್ಯಾಕ್. ಎದುರಿನ ತಂಡದಲ್ಲಿ ಗೋಡೆ ಒಡೆಯಲು ನುಗ್ಗುವವರು ಮುಂದೆ, ಲೈನ್‌ಬ್ಯಾಕರ್‌ಗಳು ಅವರ ಹಿಂದೆ, ಅಂಚಿನಲ್ಲಿ ಕಾರ್ನರ್‌ಗಳು, ತೀರಾ ಹಿಂದೆ ಸೇಫ್ಟಿಗಳು. ಪಾಸ್ ಸಿಗದಂತೆ ರಿಸೀವರ್‌ಗಳನ್ನು ಇವರು ಕಾಯುವುದೇ ಕವರೇಜ್.

ತೆರವು ಎಂದರೆ ಎಷ್ಟು

ಎನ್‌ಎಫ್‌ಎಲ್‌ನಲ್ಲಿ ಎಲ್ಲ ಆಟಗಾರರ ಭುಜದ ಕವಚದೊಳಗೆ ಪುಟ್ಟ ಚಿಪ್ ಇರುತ್ತದೆ. ಚೆಂಡು ತಲುಪುವ ಹೊತ್ತಿಗೆ ಹಿಡಿಯುವವನಿಗೂ ಹತ್ತಿರದ ರಕ್ಷಕನಿಗೂ ನಡುವೆ ಒಂದು ಗಜ ಅಥವಾ ಅದಕ್ಕಿಂತ ಕಡಿಮೆ ಅಂತರವಿದ್ದರೆ ಅದು ‘ಟೈಟ್ ವಿಂಡೋ’ ಎಸೆತವೆಂದು ಲೆಕ್ಕ. ಒಂದು ಗಜ ಎಂದರೆ ಕೈಚಾಚಿದರೆ ಸಿಗುವ ದೂರ. ಕಾಲೇಜು ಆಟದಲ್ಲಿ ಮಿಂಚಿ ಬಂದ ಹುಡುಗನಿಗೆ ಇದನ್ನು ‘ತೆರವು’ ಎಂದು ಕರೆಯಲು ಮನಸ್ಸೇ ಬರುವುದಿಲ್ಲ. ಅವನು ಕಂಡ ತೆರವು ಮೂರು-ನಾಲ್ಕು ಗಜದ್ದು.

ಅದಕ್ಕೆ ಕಾರಣಗಳಿವೆ. ಮೈದಾನದ ನಡುವೆ ಎರಡು ಸಾಲು ಹ್ಯಾಶ್ ಗುರುತುಗಳಿರುತ್ತವೆ. ಪ್ರತಿ ಆಟವೂ ಆ ಸಾಲುಗಳ ಮೇಲೋ ನಡುವೆಯೋ ಶುರುವಾಗಬೇಕು. ಕಾಲೇಜಿನಲ್ಲಿ ಈ ಸಾಲುಗಳ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಬದಿಯ ಹ್ಯಾಶ್ ಮೇಲಿದ್ದರೆ ಇನ್ನೊಂದು ಬದಿಗೆ 100 ಅಡಿ ಅಗಲದ ಬಯಲು ಉಳಿಯುತ್ತದೆ. ಅಷ್ಟನ್ನು ಕಾಯುವಷ್ಟು ಒಳ್ಳೆಯ ರಕ್ಷಕರು ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ. ಇದರ ಜೊತೆಗೆ, ಪಾಸ್ ಆಟದಲ್ಲಿ ಲೈನ್‌ಮನ್‌ಗಳು ಕಾಲೇಜಿನಲ್ಲಿ 3 ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಓಟವೋ ಪಾಸೋ ಎಂದು ರಕ್ಷಕರನ್ನು ಕೊನೆಗಳಿಗೆಯವರೆಗೂ ಗೊಂದಲದಲ್ಲಿಡುವ ಆಟಗಳು ಕಾಲೇಜಿನಲ್ಲಿ ಅಷ್ಟು ಫಲಿಸುವುದಕ್ಕೆ ಈ ಎರಡು ಗಜದ ರಿಯಾಯಿತಿಯೂ ಕಾರಣ.

ಈಗ ಕಾಲದ ಲೆಕ್ಕ. ಎನ್‌ಎಫ್‌ಎಲ್‌ನಲ್ಲಿ ಸ್ನ್ಯಾಪ್‌ನಿಂದ ಚೆಂಡು ಕೈಬಿಡುವವರೆಗಿನ ಸರಾಸರಿ ಸಮಯ ಸುಮಾರು 2.7 ಸೆಕೆಂಡು. ಎಡ ಹ್ಯಾಶ್ ಮೇಲಿಂದ ಬಲ ಅಂಚಿನ ಬಳಿ 10 ಗಜ ಮುಂದಿರುವ ರಿಸೀವರ್‌ಗೆ ‘ಔಟ್’, ಅಂದರೆ ಅಂಚಿನ ಕಡೆಗೆ ತಿರುಗುವವನಿಗೆ ಕೊಡುವ ಪಾಸ್, ಎಸೆಯುತ್ತಾನೆ ಎಂದುಕೊಳ್ಳಿ. ಕ್ವಾರ್ಟರ್‌ಬ್ಯಾಕ್ ಗೆರೆಯಿಂದ 7 ಗಜ ಹಿಂದೆ ನಿಂತಿದ್ದರೆ ಚೆಂಡು ಗಾಳಿಯಲ್ಲಿ ಕ್ರಮಿಸಬೇಕಾದ ದೂರ 33 ಗಜ ಮೀರುತ್ತದೆ. ಗಂಟೆಗೆ 50 ಮೈಲಿ ವೇಗದಲ್ಲಿ ಕೈಬಿಟ್ಟ ಚೆಂಡಿಗೆ ಅದು ಒಂದೂವರೆ ಸೆಕೆಂಡಿನ ದಾರಿ. ಒಳ್ಳೆಯ ಕಾರ್ನರ್ ಒಬ್ಬ ನಿಂತ ಜಾಗದಿಂದ 10 ಗಜ ಓಡಲು ತೆಗೆದುಕೊಳ್ಳುವುದೂ ಸರಿಸುಮಾರು ಒಂದೂವರೆ ಸೆಕೆಂಡೇ. ಕಂಡು ತಿರುಗುವುದರಲ್ಲಿ ಕಾಲು ಸೆಕೆಂಡು ಹೋದರೂ ಏಳೆಂಟು ಗಜ ಅವನ ಹಿಡಿತದಲ್ಲಿರುತ್ತದೆ. ಅಂದರೆ ಎಸೆಯುವ ಹೊತ್ತಿಗೆ ಐದು ಗಜ ‘ತೆರೆದಿದ್ದ’ ರಿಸೀವರ್, ಚೆಂಡು ತಲುಪುವ ಹೊತ್ತಿಗೆ ಮುಚ್ಚಿಹೋಗಿರಬಹುದು. ಕ್ವಾರ್ಟರ್‌ಬ್ಯಾಕ್ ಕಣ್ಣು ನಂಬಲು ಅರ್ಧ ಸೆಕೆಂಡು ಹೆಚ್ಚು ಕಾದನೋ, ಆಗಲೇ ವೇಗ ಹಿಡಿದ ಕಾರ್ನರ್‌ಗೆ ಇನ್ನೊಂದು ನಾಲ್ಕು ಗಜದ ಉಡುಗೊರೆ.

ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿರುತ್ತೀರಿ. ಅವರು ಟವೆಲ್ ಎಸೆಯುವಾಗ ಸೀಟಿನಲ್ಲಿ ಇನ್ನೂ ಯಾರೋ ಕೂತಿರುತ್ತಾರೆ. ಆದರೆ ಅವರು ಏಳುತ್ತಿದ್ದಾರೆ ಎನ್ನುವುದು ಭುಜದ ಚಲನೆಯಲ್ಲೇ ಗೊತ್ತಾಗುತ್ತದೆ. ಖಾಲಿಯಾದದ್ದನ್ನು ಕಣ್ಣಾರೆ ಕಂಡು ಹತ್ತಿದವನಿಗೆ ನಿಂತೇ ಪ್ರಯಾಣ. ಎನ್‌ಎಫ್‌ಎಲ್ ಪಾಸ್ ಎಂದರೆ ಈ ಟವೆಲ್. ರಿಸೀವರ್ ತಿರುಗುವ ಮೊದಲೇ, ಅವನು ತಿರುಗಿ ಬರಲಿರುವ ಜಾಗಕ್ಕೆ ಚೆಂಡು ಹೊರಟಿರಬೇಕು. ಎಳೆಯ ಕ್ವಾರ್ಟರ್‌ಬ್ಯಾಕ್‌ಗೆ ಬಿಗಿ ಕವರೇಜ್ ಕಷ್ಟವಾಗುವುದರ ಬೇರು ಇಲ್ಲಿದೆ: ತೆರವು ಕಂಡ ಮೇಲೆ ಎಸೆಯುವ ಅಭ್ಯಾಸ. ಉಳಿದ ತಪ್ಪುಗಳೆಲ್ಲ ಬಹುಪಾಲು ಇದರ ಮರಿಗಳು.

ಅಂಟಿಕೊಳ್ಳುವ ಬಗೆಗಳು

ಕವರೇಜ್‌ನಲ್ಲಿ ಎರಡು ಮೂಲ ಬಗೆ. ಮ್ಯಾನ್‌ನಲ್ಲಿ ಒಬ್ಬೊಬ್ಬ ರಕ್ಷಕನಿಗೂ ಒಬ್ಬೊಬ್ಬ ರಿಸೀವರ್. ಅವನು ಎಲ್ಲಿಗೆ ಹೋದರೂ ನೆರಳಿನಂತೆ ಹಿಂದೆ. ಝೋನ್‌ನಲ್ಲಿ ಒಬ್ಬೊಬ್ಬನಿಗೂ ಒಂದೊಂದು ಜಾಗ, ಆ ಜಾಗಕ್ಕೆ ಬಂದವರನ್ನು ನೋಡಿಕೊಳ್ಳುವುದು. ಹೆಸರಿನ ಜೊತೆ ಬರುವ ಅಂಕಿ ಸಾಮಾನ್ಯವಾಗಿ ಆಳದಲ್ಲಿ ನಿಂತು ಕಾಯುವವರ ಸಂಖ್ಯೆ. ಕವರ್ 1 ಎಂದರೆ ಮ್ಯಾನ್, ಹಿಂದೆ ಒಬ್ಬ ಸೇಫ್ಟಿ. ಕವರ್ 3 ಎಂದರೆ ಆಳವನ್ನು ಮೂವರು ಹಂಚಿಕೊಂಡ ಝೋನ್. ಕವರ್ 0 ಎಂದರೆ ಹಿಂದೆ ಯಾರೂ ಇಲ್ಲ. ಅದರ ಕಥೆ ಮುಂದೆ ಬರುತ್ತದೆ.

ಬಿಗಿ ಎನ್ನುವುದು ಶುರುವಾಗುವುದು ಪ್ರೆಸ್‌ನಿಂದ. ಕಾರ್ನರ್ ರಿಸೀವರ್‌ನ ಮೂಗಿನೆದುರೇ ನಿಂತು, ಸ್ನ್ಯಾಪ್ ಆದೊಡನೆ ಎದೆಗೆ ಕೈ ಹಾಕಿ ಅವನ ಮೊದಲ ಹೆಜ್ಜೆಗಳನ್ನು ಕೆಡಿಸುತ್ತಾನೆ. ಇದಕ್ಕೆ ಮಿತಿಯಿದೆ: 1978ರಿಂದ ಎನ್‌ಎಫ್‌ಎಲ್‌ನಲ್ಲಿ ಗೆರೆಯಿಂದ 5 ಗಜದಾಚೆ ರಿಸೀವರ್‌ನನ್ನು ತಡೆಯುವಂತಿಲ್ಲ, ತಡೆದರೆ 5 ಗಜ ದಂಡ ಮತ್ತು ಹೊಸ ನಾಲ್ಕು ಅವಕಾಶ. 2004ರಿಂದ ರೆಫರಿಗಳು ಇದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ನೋಡತೊಡಗಿದರು. ಆದರೂ ಮೊದಲ 5 ಗಜದಲ್ಲಿ ಅರ್ಧ ಸೆಕೆಂಡು ತಡವಾದರೆ ಸಾಕು. ಕ್ವಾರ್ಟರ್‌ಬ್ಯಾಕ್‌ನ ಹೆಜ್ಜೆ ಮುಗಿದಿರುತ್ತದೆ, ರಿಸೀವರ್ ತಿರುಗುವ ಜಾಗಕ್ಕೆ ಬಂದೇ ಇರುವುದಿಲ್ಲ. ಇಂಥಲ್ಲಿ ತಪ್ಪು ಕ್ವಾರ್ಟರ್‌ಬ್ಯಾಕ್‌ನದಲ್ಲ. ಪಟ್ಟಿಯಲ್ಲಿ ಮಾತ್ರ ಅದು ಅವನ ಹೆಸರಿಗೇ ಬೀಳುತ್ತದೆ.

ಕಾರ್ನರ್ ಯಾವ ಮಗ್ಗುಲಲ್ಲಿ ನಿಂತಿದ್ದಾನೆ ಎನ್ನುವುದೂ ಒಂದು ಮಾತು ಹೇಳುತ್ತದೆ. ಹಿಂದೆ ಸಹಾಯಕ್ಕೆ ಯಾರೂ ಇಲ್ಲದಿದ್ದರೆ ಅವನು ಒಳಮಗ್ಗುಲು ಹಿಡಿದು, ಥಟ್ಟನೆ ಒಳಕ್ಕೆ ಬರುವ ಸ್ಲ್ಯಾಂಟ್‌ಗೆ ಅಡ್ಡ ನಿಲ್ಲುತ್ತಾನೆ. ಹೊರಗಡೆ ಕಾಯಲು ಅಂಚಿನ ಗೆರೆಯೇ ಇದೆ. ಆಳದಲ್ಲಿ ಇಬ್ಬರು ಸೇಫ್ಟಿಗಳಿದ್ದು ಕೆಳಗಿನವರು ಮ್ಯಾನ್ ಆಡುತ್ತಿದ್ದರೆ, ಕಾರ್ನರ್ ಧೈರ್ಯವಾಗಿ ರಿಸೀವರ್‌ನ ಒಳಸೊಂಟಕ್ಕೆ ಅರ್ಧ ಹೆಜ್ಜೆ ಹಿಂದೆ ಅಂಟಿಕೊಂಡು ಓಡುತ್ತಾನೆ. ಮೇಲಿಂದ ಎಸೆದರೆ ಸೇಫ್ಟಿ, ಕೆಳಗಿಂದ ಎಸೆದರೆ ಅವನು. ಎಳೆಯರಿಗೆ ಅತಿ ಉಸಿರುಗಟ್ಟಿಸುವ ಕವರೇಜ್ ಯಾವುದೆಂದರೆ ಬಹುಶಃ ಇದೇ.

ಮೂರನೆಯದೊಂದಿದೆ, ಹೆಚ್ಚು ಕುತಂತ್ರದ್ದು: ಪ್ಯಾಟರ್ನ್ ಮ್ಯಾಚ್. ಶುರುವಿನಲ್ಲಿ ಝೋನ್‌ನಂತೆ ಕಾಣುತ್ತದೆ, ರಿಸೀವರ್‌ಗಳು ಯಾವ ಕಡೆ ತಿರುಗುತ್ತಾರೆ ಎಂಬುದನ್ನು ನೋಡಿ ನಡುದಾರಿಯಲ್ಲಿ ಮ್ಯಾನ್ ಆಗುತ್ತದೆ. 1991–94ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಬಿಲ್ ಬೆಲಿಚಿಕ್ ಮುಖ್ಯ ಕೋಚ್, ನಿಕ್ ಸೇಬನ್ ರಕ್ಷಣಾ ವಿಭಾಗದ ಕೋಚ್ ಆಗಿದ್ದರು. ಇಂದು ಕಾಲೇಜಿನಿಂದ ಎನ್‌ಎಫ್‌ಎಲ್‌ವರೆಗೆ ಹರಡಿರುವ ಈ ಮ್ಯಾಚ್ ಪದ್ಧತಿಗೆ ಆ ಜೋಡಿಯ ಕೊಡುಗೆ ದೊಡ್ಡದು. ಝೋನ್ ಎಂದುಕೊಂಡು ಖಾಲಿ ಜಾಗ ಹುಡುಕುವ ಹುಡುಗನಿಗೆ ಇಲ್ಲಿ ಖಾಲಿ ಜಾಗಗಳು ಕಣ್ಣೆದುರೇ ಮುಚ್ಚುತ್ತಾ ಹೋಗುತ್ತವೆ.

ಸ್ನ್ಯಾಪ್‌ಗೆ ಮೊದಲು, ಆದ ಮೇಲೆ

ಎದುರಿಗಿರುವುದು ಮ್ಯಾನೋ ಝೋನೋ ಎಂದು ತಿಳಿಯಲು ಒಂದು ಹಳೆಯ ಉಪಾಯವಿದೆ. ಸ್ನ್ಯಾಪ್‌ಗೆ ಮೊದಲು ಒಬ್ಬ ರಿಸೀವರ್‌ನನ್ನು ಎಡದಿಂದ ಬಲಕ್ಕೆ ನಡೆಸಬೇಕು. ಒಬ್ಬ ರಕ್ಷಕ ಅವನ ಜೊತೆಗೇ ದಾಟಿಬಂದರೆ ಮ್ಯಾನ್. ಎಲ್ಲರೂ ನಿಂತಲ್ಲೇ ಒಂದೊಂದು ಹೆಜ್ಜೆ ಸರಿದುಕೊಂಡರೆ ಝೋನ್. ಇನ್ನೊಂದು, ರನ್ನಿಂಗ್ ಬ್ಯಾಕ್‌ನನ್ನು ತೀರಾ ಅಂಚಿಗೆ ಕಳಿಸುವುದು. ಅವನ ಹಿಂದೆ ಲೈನ್‌ಬ್ಯಾಕರ್ ಹೋದರೆ ಮ್ಯಾನ್, ಕಾರ್ನರ್ ಅಲ್ಲೇ ನಿಂತು ಅವನನ್ನು ವಹಿಸಿಕೊಂಡರೆ ಝೋನ್. ಆಮೇಲೆ ಸೇಫ್ಟಿಗಳ ಎಣಿಕೆ: ಮೈದಾನದ ನಡುವೆ ಆಳದಲ್ಲಿ ಒಬ್ಬನಿದ್ದರೆ ನಡು ಮುಚ್ಚಿದೆ, ಇಬ್ಬರು ಅಕ್ಕಪಕ್ಕದಲ್ಲಿದ್ದರೆ ನಡು ತೆರೆದಿದೆ.

ಇದೆಲ್ಲ ಎರಡೂ ಕಡೆಯವರಿಗೆ ಗೊತ್ತಿರುವುದರಿಂದ ಎದುರಾಳಿ ಸುಳ್ಳು ಹೇಳುತ್ತಾನೆ. ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ತೋರಿಸಿ, ಸ್ನ್ಯಾಪ್ ಆದೊಡನೆ ಒಬ್ಬನನ್ನು ಕೆಳಕ್ಕೆ ಇಳಿಸಿ ಇನ್ನೊಬ್ಬನನ್ನು ನಡುವಿಗೆ ಓಡಿಸುತ್ತಾನೆ. ಹಾಗಾಗಿ ಅನುಭವಿ ಕ್ವಾರ್ಟರ್‌ಬ್ಯಾಕ್ ಸ್ನ್ಯಾಪ್‌ಗೆ ಮೊದಲು ನೋಡಿದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾನೆ; ಹಿಂದೆ ಸರಿಯುವ ಮೊದಲ ಎರಡು ಹೆಜ್ಜೆಯಲ್ಲಿ ಸೇಫ್ಟಿ ಎತ್ತ ಹೋದ ಎಂದು ನೋಡಿ ಅಳಿಸಿಯೋ ತಿದ್ದಿಯೋ ಮುಂದುವರಿಯುತ್ತಾನೆ. ಎಳೆಯವನು ಶಾಯಿಯಲ್ಲಿ ಬರೆದುಬಿಟ್ಟಿರುತ್ತಾನೆ.

ಇನ್ನೊಂದು ಅಡ್ಡಿ ಗಡಿಯಾರದ್ದು. ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ಕೋಚ್ ಧ್ವನಿ ಬರುತ್ತದೆ, ಆದರೆ ಸ್ನ್ಯಾಪ್‌ಗೆ ಗಡುವು ಹಾಕುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡು ಉಳಿದಾಗ ಅದು ಕಡಿದುಹೋಗುತ್ತದೆ. (ಕಾಲೇಜಿನ ಮೇಲ್ದರ್ಜೆಯಲ್ಲಿ ಈ ಸೌಲಭ್ಯ ಬಂದದ್ದೇ 2024ರಲ್ಲಿ, ಅದಕ್ಕೆ ಮೊದಲು ಎಲ್ಲರೂ ಕತ್ತೆತ್ತಿ ಅಂಚಿನಲ್ಲಿ ತೋರಿಸುವ ಚಿತ್ರಫಲಕ, ಕೈಸನ್ನೆಗಳನ್ನು ನೋಡುತ್ತಿದ್ದರು.) ಆ ಕೊನೆಯ 15 ಸೆಕೆಂಡಿನಲ್ಲಿ ಎದುರಾಳಿ ನಿಲುವು ಬದಲಿಸಿದರೆ ಉತ್ತರ ಹುಡುಗನೇ ಕಂಡುಕೊಳ್ಳಬೇಕು. 2019ರ ಫೆಬ್ರವರಿ 3ರಂದು, ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಅವರಿಗೆ 24 ವರ್ಷ. ವರ್ಷವಿಡೀ ಮ್ಯಾನ್ ನೆಚ್ಚಿಕೊಂಡಿದ್ದ ಪೇಟ್ರಿಯಟ್ಸ್ ಅಂದು ಹೆಚ್ಚಾಗಿ ಝೋನ್ ಆಡಿದರು. ರ‍್ಯಾಮ್ಸ್ ಇಡೀ ಪಂದ್ಯದಲ್ಲಿ ಗಳಿಸಿದ್ದು 3 ಅಂಕ. ಕೊನೆಯಲ್ಲಿ, 10–3 ಇದ್ದಾಗ, ನಾಲ್ಕು ಚಿಲ್ಲರೆ ನಿಮಿಷ ಉಳಿದಿದ್ದಾಗ, ಒಮ್ಮೆಲೇ ಹಿಂದೆ ಯಾರನ್ನೂ ಇಡದೆ ನುಗ್ಗಿಬಂದರು. ಗಾಫ್ ಹಿಂಗಾಲಿನ ಮೇಲೆ ವಾಲಿ ಎತ್ತರಕ್ಕೆ ಎಸೆದ ಚೆಂಡು ಕಾರ್ನರ್ ಸ್ಟೀಫನ್ ಗಿಲ್ಮೋರ್ ಕೈಗೆ ಬಿತ್ತು.

ಕಣ್ಣಿನ ವಿಷಯದಲ್ಲಿ ಮ್ಯಾನ್‌ಗೂ ಝೋನ್‌ಗೂ ಇರುವ ವ್ಯತ್ಯಾಸವನ್ನು ಹೊಸಬರು ತಡವಾಗಿ ಕಲಿಯುತ್ತಾರೆ. ಝೋನ್‌ನಲ್ಲಿ ಎಲ್ಲ ರಕ್ಷಕರೂ ಕ್ವಾರ್ಟರ್‌ಬ್ಯಾಕ್ ಮುಖವನ್ನೇ ನೋಡುತ್ತಿರುತ್ತಾರೆ. ಒಬ್ಬನನ್ನೇ ದಿಟ್ಟಿಸಿದರೆ ಏಳು ಜನ ಅತ್ತ ವಾಲುತ್ತಾರೆ. ಮ್ಯಾನ್‌ನಲ್ಲಿ ಕಾರ್ನರ್‌ಗೆ ಕ್ವಾರ್ಟರ್‌ಬ್ಯಾಕ್ ಕಾಣುವುದೇ ಇಲ್ಲ, ಅವನ ಕಣ್ಣು ರಿಸೀವರ್‌ನ ಸೊಂಟದ ಮೇಲೆ. ಅಲ್ಲಿ ಮೋಸಗೊಳಿಸಬೇಕಾದವನು ಒಬ್ಬನೇ, ಆಳದ ಸೇಫ್ಟಿ. ಅವನನ್ನು ಎಡಕ್ಕೆ ಎರಡು ಹೆಜ್ಜೆ ನಡೆಸಿ ಬಲಕ್ಕೆ ಎಸೆದರಾಯಿತು. ಮ್ಯಾನ್ ಎದುರು ಎಲ್ಲರನ್ನೂ ಮೋಸಗೊಳಿಸಲು ಹೋಗಿ ಸಮಯ ಕಳೆಯುವುದು ಹೊಸಬರ ಇನ್ನೊಂದು ರೋಗ.

ಮತ್ತೊಂದು ಅವಘಡಕ್ಕೆ ಹೊಣೆ ಇಬ್ಬರದು. ಮೈದಾನಕ್ಕೆ ಅಡ್ಡವಾಗಿ ಓಡುವ ರಿಸೀವರ್ ಮ್ಯಾನ್ ಇದ್ದರೆ ನಿಲ್ಲದೆ ಓಡಬೇಕು, ಝೋನ್ ಇದ್ದರೆ ಇಬ್ಬರು ಕಾವಲುಗಾರರ ನಡುವಿನ ಸಂದಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್ ಕಡೆ ತಿರುಗಬೇಕು. ಕ್ವಾರ್ಟರ್‌ಬ್ಯಾಕ್ ಮ್ಯಾನ್ ಎಂದು ಓದಿ ಮೂರು ಗಜ ಮುಂದಕ್ಕೆ ಎಸೆದ. ರಿಸೀವರ್ ಝೋನ್ ಎಂದು ಓದಿ ನಿಂತ. ಚೆಂಡು ನೇರವಾಗಿ ಲೈನ್‌ಬ್ಯಾಕರ್ ಎದೆಗೆ. ಟಿವಿಯಲ್ಲಿ ನೋಡುವವರಿಗೆ ‘ಯಾರಿಗೆ ಎಸೆದನಪ್ಪಾ ಇವನು’ ಅನ್ನಿಸುವ ಇಂಟರ್‌ಸೆಪ್ಷನ್‌ಗಳಲ್ಲಿ ಈ ಜಾತಿಯವು ಬಹಳ. ಟಿವಿ ಕ್ಯಾಮೆರಾ ಸೇಫ್ಟಿಗಳನ್ನು ಚೌಕಟ್ಟಿನಾಚೆ ಬಿಡುವುದರಿಂದ ಅರ್ಧ ಕಥೆ ನಮಗೆ ಕಾಣುವುದೂ ಇಲ್ಲ.

ಯಾವಾಗಲೂ ಒಬ್ಬ ಹೆಚ್ಚು

ಈಗ ಕವರ್ 0. ಲೆಕ್ಕ ಸರಳ. ರಕ್ಷಕರು 11. ಪಾಸ್ ಹಿಡಿಯಬಲ್ಲ ಐವರಿಗೆ ಐವರು ಹೋದರೆ ನುಗ್ಗಲು ಉಳಿಯುವವರು 6; ತಡೆಯಲು ಇರುವ ಲೈನ್‌ಮನ್‌ಗಳು 5. ಸರಿ, ರನ್ನಿಂಗ್ ಬ್ಯಾಕ್‌ನನ್ನೂ ತಡೆಯಲು ನಿಲ್ಲಿಸೋಣ ಎಂದರೆ, ಅವನನ್ನು ಕಾಯುತ್ತಿದ್ದವನೂ ನುಗ್ಗುತ್ತಾನೆ: 7 ಜನರಿಗೆ 6. ಕ್ವಾರ್ಟರ್‌ಬ್ಯಾಕ್ ತಾನು ಯಾರನ್ನೂ ತಡೆಯದ ಕಾರಣ ಈ ಲೆಕ್ಕದಲ್ಲಿ ಯಾವಾಗಲೂ ಒಬ್ಬ ಹೆಚ್ಚು ಉಳಿಯುತ್ತಾನೆ. ಆ ಒಬ್ಬನಿಗೆ ಉತ್ತರ ಕೊಡಬೇಕಾದವನು ಕ್ವಾರ್ಟರ್‌ಬ್ಯಾಕ್, ಕೊಡಬೇಕಾದ ಉತ್ತರ ಚೆಂಡು.

ಆದ್ದರಿಂದ ಲೈನ್‌ಮನ್‌ಗಳು ಒಳಗಿನಿಂದ ಹೊರಕ್ಕೆ ತಡೆಯುತ್ತಾರೆ. ನಡುವಿನಿಂದ ಬರುವವನ ದಾರಿ ಹತ್ತಿರದ್ದು, ಅಂಚಿನಿಂದ ಬರುವವನದು ದೂರದ್ದು. ಬಿಟ್ಟುಬಿಡುವುದಾದರೆ ತೀರಾ ಅಂಚಿನವನನ್ನೇ ಬಿಡಬೇಕು. ಅವನು ಬಂದು ತಲುಪುವುದರೊಳಗೆ, ಎರಡು ಸೆಕೆಂಡಿನ ಆಸುಪಾಸಿನಲ್ಲಿ, ‘ಹಾಟ್’ ಎಂದು ಮೊದಲೇ ಗೊತ್ತುಮಾಡಿಕೊಂಡ ರಿಸೀವರ್‌ಗೆ ಚೆಂಡು ಹೋಗಿರಬೇಕು. ಕ್ವಾರ್ಟರ್‌ಬ್ಯಾಕ್ ಇದನ್ನು ಒಪ್ಪಿಕೊಂಡರೆ ಕವರ್ 0 ಅವನಿಗೆ ಲಾಭ, ಯಾಕೆಂದರೆ ಹಿಂದೆ ಯಾರೂ ಇಲ್ಲ. ಒಂದು ಟ್ಯಾಕಲ್ ತಪ್ಪಿದರೆ ರಿಸೀವರ್ ನೇರ ಎಂಡ್ ಝೋನ್‌ಗೆ.

ಆದರೆ ದೆವ್ವಗಳು ಹುಟ್ಟುವುದು ಇಲ್ಲಿಯೇ. ಆರೇಳು ಜನ ಗೆರೆಯ ಮೇಲೆ ಬಂದು ನಿಲ್ಲುತ್ತಾರೆ. ಒಮ್ಮೆ ಎಲ್ಲರೂ ನುಗ್ಗುತ್ತಾರೆ. ಮುಂದಿನ ಸಲ ಅದೇ ನಿಲುವು, ಆದರೆ ನುಗ್ಗುವುದು ನಾಲ್ವರು. ಉಳಿದವರು ಎರಡು ಹೆಜ್ಜೆ ಹಿಂದೆ ಸರಿದು, ಹಾಟ್ ಪಾಸ್ ಹೋಗುವ ದಾರಿಯಲ್ಲೇ ನಿಲ್ಲುತ್ತಾರೆ. ಮೊದಲ ಸಲ ಪೆಟ್ಟು ತಿಂದ ಹುಡುಗ ಎರಡನೆಯ ಸಲ ಅವಸರದಲ್ಲಿ ಅವರ ಕೈಗೇ ಎಸೆಯುತ್ತಾನೆ. ಮೂರನೆಯ ಸಲ, ಯಾರೂ ಬರದಿದ್ದರೂ, ಬರುತ್ತಾರೆ ಎಂದು ಓಡುತ್ತಾನೆ. ಪೇಟ್ರಿಯಟ್ಸ್ ಆ ಸೋಮವಾರ ಡಾರ್ನಾಲ್ಡ್ ಅವರಿಗೆ ಮಾಡಿದ್ದು ಬಹುಪಾಲು ಇದೇ, ಮತ್ತು ಹಿಂದೆ ಕಾಯಲು ಅವರ ಬಳಿ ಗಿಲ್ಮೋರ್, ಮೆಕೋರ್ಟಿ ಅವಳಿಗಳು, ಜೆ.ಸಿ. ಜಾಕ್ಸನ್‌ರಂಥವರಿದ್ದರು. ಗಿಲ್ಮೋರ್ ಆ ವರ್ಷ ಇಡೀ ಲೀಗಿನ ಶ್ರೇಷ್ಠ ರಕ್ಷಕ ಪ್ರಶಸ್ತಿ ಪಡೆದರು.

ಇದು ಕೇವಲ ಕೂಸುಗಳ ಕಷ್ಟವೆಂದುಕೊಳ್ಳಬಾರದು. 2019ರಲ್ಲೇ ಅತ್ಯಂತ ಮೌಲ್ಯಯುತ ಆಟಗಾರನೆಂದು ಸರ್ವಾನುಮತದಿಂದ ಆಯ್ಕೆಯಾಗಿದ್ದ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಅವರ ಬಾಲ್ಟಿಮೋರ್ ರೇವನ್ಸ್ ತಂಡವನ್ನು 2021ರ ನವೆಂಬರ್ 11ರಂದು ಮಯಾಮಿ ಡಾಲ್ಫಿನ್ಸ್ ಇದೇ ಅಸ್ತ್ರದಿಂದ 22–10ರಲ್ಲಿ ಮಣಿಸಿತು.

ಕಾಲು ಕೆಟ್ಟರೆ ಕೈ ಕೆಡುತ್ತದೆ

ಕೋಚ್‌ಗಳು ಕ್ವಾರ್ಟರ್‌ಬ್ಯಾಕ್‌ನ ತೋಳಿಗಿಂತ ಹೆಚ್ಚು ಪಾದಗಳನ್ನು ನೋಡುತ್ತಾರೆ, ಏಕೆಂದರೆ ಪಾದಗಳೇ ಅವನ ಗಡಿಯಾರ. ಸೆಂಟರ್ ಬೆನ್ನಿಗೆ ನಿಂತು ಚೆಂಡು ತೆಗೆದುಕೊಂಡರೆ ಐದು ಹೆಜ್ಜೆ ಹಿಂದಕ್ಕೆ. ಐದನೆಯ ಹೆಜ್ಜೆ ಊರಿದಾಗ ಮೊದಲ ರಿಸೀವರ್‌ಗೆ ಎಸೆತ. ಅವನಿಲ್ಲವೆಂದರೆ ಮುಂದಕ್ಕೆ ಒಂದು ಪುಟ್ಟ ಜಿಗಿತ, ಎರಡನೆಯವನು. ಇನ್ನೊಂದು ಜಿಗಿತ, ಮೂರನೆಯವನು. ಆಮೇಲೆ ಹತ್ತಿರದಲ್ಲಿ ಕಾದಿರುವ ರನ್ನಿಂಗ್ ಬ್ಯಾಕ್. ಶಾಟ್‌ಗನ್‌ನಲ್ಲಿ, ಅಂದರೆ ಐದು ಗಜ ಹಿಂದೆ ನಿಂತು ಚೆಂಡು ಪಡೆದಾಗ, ಐದು ಹೆಜ್ಜೆ ಮೂರಾಗುತ್ತದೆ, ಸರದಿ ಅದೇ.

ಬಿಗಿ ಕವರೇಜ್ ಎದುರು ಮೊದಲು ಕೆಡುವುದು ಈ ಸರದಿ. ಮೊದಲನೆಯವನು ತೆರೆದಿಲ್ಲ ಅನ್ನಿಸುತ್ತದೆ, ಆದರೂ ಬಿಡಲು ಮನಸ್ಸಿಲ್ಲ. ಅವನ ಮೇಲೇ ಕಣ್ಣಿಟ್ಟು ಒಂದು ಹೆಚ್ಚುವರಿ ಜಿಗಿತ, ಚೆಂಡಿನ ಮೇಲೆ ಅಂಗೈಯಿಂದ ಒಂದು ತಟ್ಟು. ಅಷ್ಟರಲ್ಲಿ ಎರಡನೆಯವನ ಗಳಿಗೆ ಬಂದು ಹೋಗಿರುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಬ್ಬನ ಬಳಿಗೂ ಅವನು ಅರ್ಧ ಸೆಕೆಂಡು ತಡವಾಗಿ ತಲುಪುತ್ತಾನೆ. ಅವೆಲ್ಲಕ್ಕಿಂತ ದುಬಾರಿ, ತಡವಾಗಿ ನಡುವಿಗೆ ಎಸೆಯುವುದು. ಅಲ್ಲಿ ಲೈನ್‌ಬ್ಯಾಕರ್, ಸೇಫ್ಟಿ ಎಲ್ಲರೂ ಆಗಲೇ ತಿರುಗಿ ಕೂತಿರುತ್ತಾರೆ.

ಇನ್ನೊಂದು, ಭಯಕ್ಕೆ ಹಿಂದಕ್ಕೆ ಹಿಂದಕ್ಕೆ ಸರಿಯುವುದು. ಅಂಚಿನ ಲೈನ್‌ಮನ್‌ಗಳು ಕ್ವಾರ್ಟರ್‌ಬ್ಯಾಕ್ ಏಳೆಂಟು ಗಜ ಹಿಂದಿದ್ದಾನೆ ಎಂಬ ನಂಬಿಕೆಯ ಮೇಲೆ ನುಗ್ಗುವವನನ್ನು ಹೊರಸುತ್ತಿನಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಇವನು ಹತ್ತು ಗಜಕ್ಕೆ ಹೋದರೆ ಆ ಸುತ್ತು ನೇರ ಇವನ ಮೇಲೇ ಬಂದು ಮುಗಿಯುತ್ತದೆ. ಒಂದು ಹೆಜ್ಜೆ ಮುಂದೆ ಬಂದಿದ್ದರೆ ನುಗ್ಗಿದವನು ಬೆನ್ನ ಹಿಂದೆ ಹಾದುಹೋಗುತ್ತಿದ್ದ. ಹಿಂಗಾಲಿನ ಮೇಲೆ ಭಾರ ಬಿಟ್ಟು ಎಸೆದರೆ ಚೆಂಡು ಎತ್ತರಕ್ಕೆ ತೇಲುತ್ತದೆ, ರಿಸೀವರ್‌ನ ಬೆರಳಿಗೆ ತಾಗಿ ಹಿಂದಿನ ಸೇಫ್ಟಿಗೆ ಸಲೀಸಾದ ಕ್ಯಾಚ್ ಆಗುತ್ತದೆ. ಅದಕ್ಕೇ ಕೋಚ್‌ಗಳು ಹೇಳುವುದು: ತಪ್ಪುವುದಾದರೆ ಕೆಳಕ್ಕೆ ತಪ್ಪು, ನಮ್ಮವನ ಮೊಣಕಾಲಿಗೆ.

ಮದ್ದುಗಳು

ಎಲ್ಲಿ ಎಸೆಯಬೇಕು ಎನ್ನುವುದಕ್ಕೆ ಕಾರ್ನರ್‌ನ ಸ್ಥಾನವೇ ಸೂಚನೆ. ಅಂಚಿನುದ್ದಕ್ಕೂ ಓಡುವ ರಿಸೀವರ್‌ಗಿಂತ ಕಾರ್ನರ್ ಹಿಂದಿದ್ದರೆ ಮೇಲಿಂದ ಮುಂದಕ್ಕೆ. ಸರಿಸಮನಾಗಿದ್ದರೆ ಅಥವಾ ಮುಂದಿದ್ದರೆ ಹಿಂಭುಜಕ್ಕೆ: 16ರಿಂದ 20 ಗಜದ ಆಸುಪಾಸಿನಲ್ಲಿ, ಅಂಚಿನ ಗೆರೆಯ ಕಡೆಗೆ, ಬಿರುಸಾಗಿ. ಕಾರ್ನರ್ ಪೂರ್ತಿ ವೇಗದಲ್ಲಿ ಬೆನ್ನು ಮಾಡಿ ಓಡುತ್ತಿರುತ್ತಾನೆ, ರಿಸೀವರ್ ತಟ್ಟನೆ ನಿಂತು ತಿರುಗುತ್ತಾನೆ. ಇದನ್ನು ಬ್ಯಾಕ್ ಶೋಲ್ಡರ್ ಎನ್ನುತ್ತಾರೆ. ಕವರೇಜ್ ಎಷ್ಟೇ ಚೆನ್ನಾಗಿದ್ದರೂ ಸಲ್ಲುವ ಎಸೆತ ಇದು. ಆದರೆ ಇಬ್ಬರೂ ನೂರಾರು ಸಲ ಒಟ್ಟಿಗೆ ಅಭ್ಯಾಸ ಮಾಡಿರಬೇಕು. ಹೊಸ ಕ್ವಾರ್ಟರ್‌ಬ್ಯಾಕ್, ಹೊಸ ರಿಸೀವರ್ ಇಬ್ಬರೂ ಸೇರಿದಲ್ಲಿ ಇದನ್ನು ನಿರೀಕ್ಷಿಸುವುದು ಅನ್ಯಾಯ.

ಕೋಚ್ ಮಾಡಬಹುದಾದದ್ದು ಇದಕ್ಕಿಂತ ಹೆಚ್ಚಿದೆ, ಮತ್ತು ಹುಡುಗನ ಮೇಲೆ ತಪ್ಪು ಹೊರಿಸುವ ಮೊದಲು ನೋಡಬೇಕಾದದ್ದೂ ಇದನ್ನೇ. ಮೊದಲನೆಯದು, ರಿಸೀವರ್‌ಗಳನ್ನು ಒಬ್ಬರ ಹಿಂದೊಬ್ಬರು ನಿಲ್ಲಿಸುವುದು. ನಿಯಮದ ಪ್ರಕಾರ ಕನಿಷ್ಠ 7 ಜನ ಗೆರೆಯ ಮೇಲಿರಬೇಕು. ಗೆರೆಯಿಂದ ಹಿಂದೆ ನಿಂತವನ ಎದೆಗೆ ಕೈಹಾಕಲು ಮುಂದಿರುವವನೇ ಅಡ್ಡ. ಪ್ರೆಸ್‌ನ ಅರ್ಧ ಬಲ ಅಲ್ಲಿಗೆ ಹೋಯಿತು. ಎರಡನೆಯದು ಮೆಶ್: ಎರಡು ಬದಿಯಿಂದ ಇಬ್ಬರು ಐದಾರು ಗಜ ಆಳದಲ್ಲಿ ಭುಜ ತಾಗುವಷ್ಟು ಹತ್ತಿರ ಹಾದುಹೋಗುತ್ತಾರೆ. ಬೆನ್ನಟ್ಟಿ ಬರುವ ರಕ್ಷಕರಿಬ್ಬರೂ ಆ ಸಂದಣಿಯಲ್ಲಿ ಸಿಕ್ಕಿಕೊಳ್ಳುತ್ತಾರೆ, ಜಾತ್ರೆಯಲ್ಲಿ ತೇರಿನ ಅಡ್ಡ ಬಂದವರಂತೆ. ಬೇಕೆಂದೇ ಅಡ್ಡಗಟ್ಟಿದರೆ ಮಾತ್ರ ದಂಡ. ಎನ್‌ಎಫ್‌ಎಲ್‌ನಲ್ಲಿ ಗೆರೆಯಿಂದ ಒಂದು ಗಜದಾಚೆ ಅಡ್ಡಗಟ್ಟಿದ್ದು ಕಂಡರೆ 10 ಗಜ ಹಿಂದಕ್ಕೆ. ಮೂರನೆಯದು, ರನ್ನಿಂಗ್ ಬ್ಯಾಕ್‌ನನ್ನು ಲೈನ್‌ಬ್ಯಾಕರ್ ಮೇಲೆ ಬಿಡುವುದು. ಹೊರಕ್ಕೆ ಹೋಗುವಂತೆ ಎರಡು ಹೆಜ್ಜೆ ಇಟ್ಟು ಥಟ್ಟನೆ ಒಳಕ್ಕೆ ತಿರುಗಿದರೆ ಭಾರೀ ಮೈಯ ಲೈನ್‌ಬ್ಯಾಕರ್‌ಗೆ ತಿರುಗಿ ಹಿಡಿಯುವುದು ಕಷ್ಟ.

ನಾಲ್ಕನೆಯದು ಹುಡುಗನ ಕಾಲಲ್ಲೇ ಇದೆ. ಮ್ಯಾನ್ ಆಡುವವರೆಲ್ಲ ಬೆನ್ನು ತಿರುಗಿಸಿ ಓಡುತ್ತಿರುತ್ತಾರೆ, ಕ್ವಾರ್ಟರ್‌ಬ್ಯಾಕ್ ಓಡಿದ್ದು ಅವರಿಗೆ ತಡವಾಗಿ ಗೊತ್ತಾಗುತ್ತದೆ. ಆಳದಲ್ಲಿ ಇಬ್ಬರಿಟ್ಟು ಕೆಳಗೆ ಮ್ಯಾನ್ ಆಡುವ ಕವರೇಜ್‌ಗೆ ಎಂಟು ಗಜದ ಓಟದಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. ಎರಡು ಸಲ ಹೀಗಾದರೆ ಎದುರಾಳಿ ಒಬ್ಬನನ್ನು ಕ್ವಾರ್ಟರ್‌ಬ್ಯಾಕ್ ಕಾಯಲೆಂದೇ ಮೀಸಲಿಡಬೇಕಾಗುತ್ತದೆ, ಕವರೇಜ್‌ನಲ್ಲಿ ಒಬ್ಬ ಕಡಿಮೆಯಾದ ಹಾಗೆ. ಬ್ಲಿಟ್ಜ್ ಬಂತೆಂದು, ಅಂದರೆ ಹೆಚ್ಚು ಜನ ನುಗ್ಗಿದರೆಂದು, ರನ್ನಿಂಗ್ ಬ್ಯಾಕ್‌ಗೆ ಸ್ಕ್ರೀನ್ ಪಾಸ್ (ಲೈನ್‌ಮನ್‌ಗಳ ಮರೆಯಲ್ಲಿ ಕೊಡುವ ಗಿಡ್ಡ ಪಾಸ್) ಕೊಡುವುದು ಮಾತ್ರ ಎಲ್ಲ ವೇಳೆಗೂ ಮದ್ದಲ್ಲ. ಅವನನ್ನೇ ಕಾಯುವ ಮ್ಯಾನ್ ರಕ್ಷಕ ಎಚ್ಚರವಿದ್ದರೆ ಚೆಂಡು ಸಿಕ್ಕಿದ ಕೂಡಲೇ ಉರುಳಿಸುತ್ತಾನೆ.

ಅಭ್ಯಾಸದಲ್ಲಿ ಒಂದು ಬಲೆಯಿದೆ. ಲೈನ್‌ಮನ್‌ಗಳಿಲ್ಲದೆ ಏಳು ಮಂದಿ ಎದುರು ಏಳು ಮಂದಿ ಆಡುವ ಅಭ್ಯಾಸದಲ್ಲಿ ನುಗ್ಗುವವರೇ ಇರುವುದಿಲ್ಲ. ಹುಡುಗ ನಾಲ್ಕು ಸೆಕೆಂಡು ಕಾದು ಸುಂದರವಾಗಿ ಎಸೆಯುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಪಂದ್ಯದಲ್ಲಿ ನೆಲಕ್ಕುರುಳುತ್ತಾನೆ. ಎರಡೂವರೆ ಸೆಕೆಂಡಿಗೆ ಶಿಳ್ಳೆ ಊದಿ, ಅದಾದ ಮೇಲಿನ ಎಸೆತಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಈ ಅಭ್ಯಾಸಕ್ಕೆ ಬೆಲೆ ಬರುತ್ತದೆ. ವಿಡಿಯೊ ನೋಡುವಾಗಲೂ ಅಷ್ಟೆ: ಚೆಂಡು ಎಲ್ಲಿ ಬಿತ್ತು ಎನ್ನುವುದಕ್ಕಿಂತ, ರಿಸೀವರ್‌ನ ಪಾದ ತಿರುಗಲು ಊರಿದ ಕ್ಷಣಕ್ಕೆ ಚೆಂಡು ಕೈಯಲ್ಲೇ ಇತ್ತೋ ಗಾಳಿಯಲ್ಲಿತ್ತೋ ಎಂದು ಗುರುತು ಹಾಕಿಕೊಳ್ಳಬೇಕು. ಕೈಯಲ್ಲೇ ಇದ್ದು ಹಿಡಿದ ಪಾಸ್‌ಗಳೂ ತಪ್ಪಿನ ಪಟ್ಟಿಗೇ ಸೇರಬೇಕು. ಮುಂದಿನ ವಾರದ ಕಾರ್ನರ್ ಅದನ್ನು ಬಿಡುವುದಿಲ್ಲ.

ಇದು ಕಲಿಯುವಂಥದ್ದೇ? ಅಂಕಿಗಳನ್ನು ನೋಡಿದರೆ ಹೌದು ಅನ್ನಿಸುತ್ತದೆ, ಎಲ್ಲರಿಗೂ ಅಲ್ಲ. ಪೇಟನ್ ಮ್ಯಾನಿಂಗ್ 1998ರ ಮೊದಲ ವರ್ಷದಲ್ಲಿ 28 ಇಂಟರ್‌ಸೆಪ್ಷನ್ ಎಸೆದರು. ಹೊಸಬರಲ್ಲಿ ಅದು ದಾಖಲೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಗೆದ್ದದ್ದು 16ರಲ್ಲಿ 3. ಮರುವರ್ಷ 13. ಬಫಲೋದ ಜಾಶ್ ಅಲೆನ್ ಅವರ ಪಾಸ್‌ಗಳಲ್ಲಿ ಗುರಿ ಸೇರಿದವು 2018ರಲ್ಲಿ ಶೇ 52.8, 2019ರಲ್ಲಿ 58.8, 2020ರಲ್ಲಿ 69.2.

ಡಾರ್ನಾಲ್ಡ್ ಅವರ ದಾರಿ ಇಷ್ಟು ನೇರವಿರಲಿಲ್ಲ. ಮೂರು ತಂಡ ಬದಲಿಸಿ 2024ರಲ್ಲಿ ಮಿನೆಸೋಟ ವೈಕಿಂಗ್ಸ್ ಸೇರಿದಾಗ 26 ವರ್ಷ. ಆ ವರ್ಷ 4,319 ಗಜ, 35 ಟಚ್‌ಡೌನ್, 17ರಲ್ಲಿ 14 ಗೆಲುವು. ಆಮೇಲೆ 2025ರ ಜನವರಿ 13, ಮತ್ತೊಂದು ಸೋಮವಾರ ರಾತ್ರಿ, ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ಎದುರು 27–9ರ ಸೋಲು. ಅಂದು ಅವರು 9 ಸಲ ಚೆಂಡು ಕೈಯಲ್ಲಿಟ್ಟುಕೊಂಡೇ ನೆಲಕ್ಕೆ ಬಿದ್ದರು. ಪ್ಲೇಆಫ್ ಇತಿಹಾಸದಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಒಂದೇ ಪಂದ್ಯದಲ್ಲಿ ಅದಕ್ಕಿಂತ ಹೆಚ್ಚು ಸಲ ಹಾಗೆ ಬಿದ್ದದ್ದಿಲ್ಲ.